ಹಾಲಿಗೂ ಡಿಗ್ರಿ, ಓಟಿಗೂ ಡಿಗ್ರಿ

2022ರ ಜೂನ್ 13, ಸೋಮವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟಿದ್ದೆ. ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದ ನನ್ನ ತಮ್ಮ ಖಾಲಿ ಕ್ಯಾನನ್ನು ಜಗುಲಿಯ ಮೇಲೆ ಬೋರಲು ಹಾಕುತ್ತ ಕೇಳಿದ: “ಎತ್ತಗಣ್ಣೋ ಸವಾರಿ?”

“ಓಟು ಹಾಕೋಕೆ.”

“ಯಾವ್ ಓಟು? ನಂಗ್ ಚೀಟಿನೇ ಬಂದಿಲ್ವಲ್ಲ.”

“ಇದು ಡಿಗ್ರಿ ಆದೋರ ಓಟು ಕನಾ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದು.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. “ಹಾಲ್ಗೂ ಡಿಗ್ರಿ ನೋಡ್ತಾರೆ, ಓಟ್ಗೂ ಡಿಗ್ರಿ ನೋಡ್ತಾರಾ?” ಎಂದು ನಕ್ಕು ಕೊಟ್ಟಿಗೆ ಕಡೆ ಹೋದ.

ನಮ್ಮದು ಕುದೇರು. ಎಲ್ಲರೂ ಚಾಮುಲ್ ಎನ್ನುವ ಜಿಲ್ಲಾ ಹಾಲು ಒಕ್ಕೂಟದ ದೊಡ್ಡ ಡೈರಿ ಇರುವುದು ಇಲ್ಲೇ. ಈ ಕಡೆಯವರಿಗೆ ಡಿಗ್ರಿ ಎಂದರೆ ಮೊದಲು ನೆನಪಾಗುವುದು ಬಿ.ಎ. ಅಲ್ಲ, ಲ್ಯಾಕ್ಟೋಮೀಟರ್. ಹಳ್ಳಿಯ ಸಂಘದಲ್ಲಿ ಹಾಲಿನ ಡಿಗ್ರಿ, ಫ್ಯಾಟು ಒಂದು ಸಲ ನೋಡುತ್ತಾರೆ. ದೊಡ್ಡ ಡೈರಿ ಮುಟ್ಟಿದ ಮೇಲೆ ಇನ್ನೊಂದು ಸಲ ನೋಡುತ್ತಾರೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಏಕಸದನ, ದ್ವಿಸದನದ ಪಾಠ ಬಂದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ. ಮಸೂದೆಯನ್ನು ಒಂದು ಕಡೆ ಮಾತ್ರ ನೋಡಿದರೆ ಏಕಸದನ, ಎರಡು ಕಡೆ ನೋಡಿದರೆ ದ್ವಿಸದನ. ಮಕ್ಕಳು ತಲೆಯಾಡಿಸುತ್ತಿದ್ದರು. ತಮ್ಮ ಹೀಗೆ ಕೇಳಿದ ಮೇಲೆ, ಅಷ್ಟು ವರ್ಷ ಪಾಠ ಹೇಳಿದ ನನಗೇ ಅದು ಪೂರ್ತಿ ತಿಳಿದಿಲ್ಲ ಅನ್ನಿಸಿತು.

ಗಡಿಯಾಚೆ ಒಂದೇ ಮನೆ

ನಮ್ಮ ಜಿಲ್ಲೆಯ ಒಂದು ಮಗ್ಗುಲಿಗೆ ತಮಿಳುನಾಡು, ಇನ್ನೊಂದು ಮಗ್ಗುಲಿಗೆ ಕೇರಳ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ. ಚಾಮರಾಜನಗರದಿಂದ ತೆಂಕಲಿಗೆ ಹೋದರೆ ತಾಳವಾಡಿ. ಅಲ್ಲಿ ಮನೆಮಾತು ಕನ್ನಡ, ಸರ್ಕಾರ ಚೆನ್ನೈನದು. ನಮ್ಮಕ್ಕನನ್ನು ಕೊಟ್ಟಿರುವುದು ತಾಳವಾಡಿ ಕಡೆಗೆ. ಹಬ್ಬಕ್ಕೆ ಬಂದಾಗ ಭಾವ ನನ್ನನ್ನು ಕೆಣಕುತ್ತಾರೆ: “ನಮಗೆ ಒಂದು ಮನೆ ಸಾಕಾಗ್ತದೆ. ನಿಮಗೆ ಯಾಕಪ್ಪ ಎರಡು?”

ಅವರ ಭವಾನಿಸಾಗರ ಕ್ಷೇತ್ರದ ಶಾಸಕರು ಕೂರುವುದು 234 ಸದಸ್ಯರ ಒಂದೇ ವಿಧಾನಸಭೆಯಲ್ಲಿ. ಬತ್ತೇರಿಯ ಶಾಸಕರು ಕೂರುವುದು 140 ಸದಸ್ಯರ ಒಂದೇ ಸಭೆಯಲ್ಲಿ. ನಮ್ಮ ಬೆಂಗಳೂರಿನಲ್ಲಿ ಮಾತ್ರ 224 ಸದಸ್ಯರ ವಿಧಾನಸಭೆ, ಮೇಲೆ 75 ಸದಸ್ಯರ ವಿಧಾನ ಪರಿಷತ್ತು. ನಮ್ಮಲ್ಲಿ ಇರುವುದೇ ಎಲ್ಲೆಡೆಯೂ ಇದೆ ಎಂದು ನಾವು ತಿಳಿದಿರುತ್ತೇವೆ. ಆದರೆ ದೇಶದ 28 ರಾಜ್ಯಗಳಲ್ಲಿ 22 ರಾಜ್ಯಗಳು ಏಕಸದನದವು. ಪರಿಷತ್ತು ಇರುವುದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಬಿಹಾರ, ಉತ್ತರಪ್ರದೇಶ ಈ ಆರರಲ್ಲೇ. ಒಂದೇ ಮನೆ ದೇಶದ ರೂಢಿ, ಎರಡು ಮನೆಯವರೇ ಅಪವಾದ.

ತಮಿಳುನಾಡಿನಲ್ಲೂ ಒಂದು ಕಾಲಕ್ಕೆ ಎರಡು ಮನೆ ಇತ್ತು. ಇವತ್ತು ನಮ್ಮ ಜಿಲ್ಲೆಗೆ ಸೇರಿರುವ ಕೊಳ್ಳೇಗಾಲ 1956ರ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ಅದು ಮೈಸೂರಿಗೆ ಬಂತು. ಸರಿಯಾಗಿ 30 ವರ್ಷಕ್ಕೆ, 1986ರ ನವೆಂಬರ್ 1ರಂದು, ತಮಿಳುನಾಡಿನ ಪರಿಷತ್ತಿಗೆ ಬೀಗ ಬಿತ್ತು. ಆಗ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್. ಅದಕ್ಕೆ ಮೊದಲು ಪರಿಷತ್ತಿಗೆ ಒಬ್ಬ ಚಿತ್ರನಟಿಯ ನಾಮಕರಣ ಗದ್ದಲವಾಗಿ ನಿಂತುಹೋಗಿತ್ತು. ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ವಿರೋಧ ಪಕ್ಷ ಡಿಎಂಕೆ ಮೇಲುಗೈ ಪಡೆದು ಪರಿಷತ್ತಿನಲ್ಲಿ ಬಲ ಹೆಚ್ಚಿಸಿಕೊಳ್ಳುವ ಸೂಚನೆಯೂ ಇತ್ತು. 2010ರಲ್ಲಿ ಕರುಣಾನಿಧಿ ಸರ್ಕಾರ ಪರಿಷತ್ತನ್ನು ಮತ್ತೆ ತರಲು ನಿರ್ಣಯ ಮಾಡಿತು, ಸಂಸತ್ತು ಕಾಯ್ದೆಯನ್ನೂ ಮಾಡಿತು. ಮಾರನೇ ವರ್ಷ ಜಯಲಲಿತಾ ಬಂದರು, ಬೇಡವೆಂದರು. ಭಾವನ ಮಾತಿನಲ್ಲಿ ಹೇಳಬೇಕೆಂದರೆ, “ಪಾಯ ತೆಗೆದಿದ್ರು, ಗೋಡೆ ಏಳ್ಲಿಲ್ಲ.”

ಇಷ್ಟು ಸಲೀಸಾಗಿ ಒಂದು ಮನೆ ಕಟ್ಟುವುದು ಕೆಡವುವುದು ಹೇಗೆ ಸಾಧ್ಯ? ಸಂವಿಧಾನದ 169ನೇ ವಿಧಿ ಅದಕ್ಕೆ ದಾರಿ ಕೊಟ್ಟಿದೆ. ವಿಧಾನಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಿ ನಿರ್ಣಯ ಮಾಡಬೇಕು. ಆಮೇಲೆ ಸಂಸತ್ತು ಸಾಮಾನ್ಯ ಬಹುಮತದಿಂದ ಕಾಯ್ದೆ ಮಾಡಿದರೆ ಮುಗಿಯಿತು. ಇರಬೇಕೋ ಬೇಡವೋ ಎಂದು ಪರಿಷತ್ತನ್ನು ಯಾರೂ ಕೇಳುವುದಿಲ್ಲ. ಪಶ್ಚಿಮ ಬಂಗಾಳ ಮತ್ತು ಪಂಜಾಬ್ 1969ರಲ್ಲಿ ಈ ದಾರಿ ಹಿಡಿದವು. ಆಂಧ್ರದ್ದು ಇನ್ನೂ ಸೋಜಿಗ: 1985ರಲ್ಲಿ ಪರಿಷತ್ತು ತೆಗೆದರು, 2007ರಲ್ಲಿ ಮತ್ತೆ ತಂದರು, 2020ರ ಜನವರಿಯಲ್ಲಿ ತೆಗೆಯುವ ನಿರ್ಣಯ ಮಾಡಿದರು, 2021ರ ನವೆಂಬರ್‌ನಲ್ಲಿ ಆ ನಿರ್ಣಯವನ್ನೇ ವಾಪಸು ಪಡೆದರು.

ಮೈಸೂರಿನ ಹಳೇ ಲೆಕ್ಕ

ಮೈಸೂರು ಸೀಮೆಯ ನಮಗೆ ಸಭೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಮಂದಿ ಸೇರಿದ್ದರು. ಜಮೀನಿದ್ದವರು, ವರ್ತಕರು ಬಂದು ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳಿಕೊಂಡು ಹೋಗುತ್ತಿದ್ದರು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಆ ಕೆಲಸಕ್ಕೆಂದು 1907ರಲ್ಲಿ ಇನ್ನೊಂದು ಚಿಕ್ಕ ಸಭೆ ಬಂತು, ನ್ಯಾಯವಿಧಾಯಕ ಸಭೆ. ಅಂದರೆ ನಮ್ಮಲ್ಲಿ ಮೊದಲು ಹುಟ್ಟಿದ್ದು ಮಾತಾಡುವ ಮನೆ, ಆಮೇಲೆ ಕಾನೂನು ಮಾಡುವ ಮನೆ.

ನಡುವೆ ನಾವೂ ಕೆಲಕಾಲ ಒಂದೇ ಮನೆಯವರಾಗಿದ್ದೆವು ಎಂಬುದನ್ನು ಪಾಠದಲ್ಲಿ ಯಾರೂ ಹೇಳುವುದಿಲ್ಲ. 1949ರ ಡಿಸೆಂಬರ್‌ನಲ್ಲಿ ಆ ಎರಡೂ ಸಭೆಗಳನ್ನು ವಿಸರ್ಜಿಸಿದರು. 1952ರ ಚುನಾವಣೆ ಮುಗಿಯುವ ತನಕ ಮೈಸೂರಿನ ಸಂವಿಧಾನ ಸಭೆಯೇ ತಾತ್ಕಾಲಿಕ ಶಾಸನಸಭೆಯಾಗಿ ಕೆಲಸ ಮಾಡಿತು. ಆಮೇಲೆ ಎರಡು ಮನೆ. ಸಂವಿಧಾನ ಜಾರಿಗೆ ಬಂದಾಗ ಹಳೇ ಸಂಸ್ಥಾನಗಳಿಂದ ಆದ ‘ಬಿ’ ವರ್ಗದ ರಾಜ್ಯಗಳಲ್ಲಿ ಎರಡು ಸದನಕ್ಕೆ ಅವಕಾಶ ಇದ್ದದ್ದು ಮೈಸೂರಿಗೆ ಮಾತ್ರ.

ಒಂದು ಮನೆ ನಡೆಯುವ ಬಗೆ

ಒಂದೇ ಸದನದ ರಾಜ್ಯದಲ್ಲಿ ಮಸೂದೆ ನಡೆಯುವ ದಾರಿ ಸಣ್ಣದು. ಮಂತ್ರಿ ಮಂಡಿಸುತ್ತಾರೆ, ಸದನ ಚರ್ಚೆ ಮಾಡುತ್ತದೆ, ಒಂದೊಂದೇ ಖಂಡವನ್ನು ಮತಕ್ಕೆ ಹಾಕುತ್ತಾರೆ, ಪಾಸಾದರೆ ನೇರ ರಾಜಭವನಕ್ಕೆ. 200ನೇ ವಿಧಿಯ ಪ್ರಕಾರ ರಾಜ್ಯಪಾಲರು ಅಂಕಿತ ಹಾಕಬಹುದು, ಹಣಕಾಸಿನ ಮಸೂದೆ ಅಲ್ಲದಿದ್ದರೆ ಮತ್ತೊಮ್ಮೆ ನೋಡಿ ಎಂದು ಹಿಂದಕ್ಕೆ ಕಳಿಸಬಹುದು, ಇಲ್ಲವೇ ರಾಷ್ಟ್ರಪತಿಗೆ ಕಾದಿರಿಸಬಹುದು. ನಡುವೆ ಇನ್ನೊಂದು ಬಾಗಿಲಿಲ್ಲ. ಕೆಲಸ ಬೇಗ, ಖರ್ಚು ಕಮ್ಮಿ. ತಪ್ಪಾದರೆ ಯಾರದೆಂಬುದೂ ಸ್ಪಷ್ಟ: ಆ ಮನೆ ಈ ಮನೆಯ ಮೇಲೆ ಹೇಳುವಂತಿಲ್ಲ.

ತೊಡಕಿರುವುದೂ ಆ ಬೇಗದಲ್ಲೇ. ಬಹುಮತ ಇದ್ದವರು ಬೆಳಿಗ್ಗೆ ಮಂಡಿಸಿ ಸಂಜೆ ಪಾಸು ಮಾಡಿದರೆ ತಡೆಯುವವರು ಯಾರು? ಆ ಬಹುಮತ ಎಷ್ಟು ತೆಳ್ಳಗಿರಬಲ್ಲದು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಮಗ್ಗುಲ ಸಂತೇಮರಹಳ್ಳಿ ಆಗ ವಿಧಾನಸಭಾ ಕ್ಷೇತ್ರವಾಗಿತ್ತು. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ನಮ್ಮ ಕಡೆ ಇವತ್ತಿಗೂ ಚುನಾವಣೆ ದಿನ ಯಾರಾದರೂ “ನನ್ನೊಂದು ಓಟಿಂದ ಏನಾಯ್ತದೆ” ಅಂದರೆ ಮಿಕ್ಕವರು ನಗುತ್ತಾರೆ. ಅಂಥ ಒಂದೊಂದು ಕ್ಷೇತ್ರ ಸೇರಿ ಒಂದು ಸರ್ಕಾರದ ಬಹುಮತವಾಗುತ್ತದೆ. ಆ ಬಹುಮತ ಐದು ವರ್ಷ ಯಾರನ್ನೂ ಕೇಳದೆ ಕಾನೂನು ಮಾಡಬಹುದೇ ಎಂಬುದು ಎರಡನೇ ಮನೆ ಬೇಕೆನ್ನುವವರ ಪ್ರಶ್ನೆ.

ಒಂದೇ ಮನೆಯಾದರೆ ಪೀಠದ ಹೊಣೆಯೂ ಹೆಚ್ಚು. ವಿರೋಧ ಪಕ್ಷಕ್ಕೆ ಮಾತಿನ ಅವಕಾಶ ಕೊಡುವುದೋ ಬಿಡುವುದೋ ಸಭಾಧ್ಯಕ್ಷರ ಕೈಯಲ್ಲಿ. ಅಲ್ಲಿ ತಪ್ಪಿದ ಮಾತನ್ನು ಆಡಲು ಇನ್ನೊಂದು ಜಾಗವಿಲ್ಲ. ಪೀಠ ಎಂದಾಗ ನನಗೆ ನೆನಪಾಗುವವರು ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ, ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ. 1972ರಿಂದ 1978ರವರೆಗೆ ಆ ಪೀಠದಲ್ಲಿ ಕೂತರು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಪಾಠ ಹೇಳುವಾಗ ಆ ಹೆಸರನ್ನು ನಾನು ಯಾವತ್ತೂ ಬಿಟ್ಟವನಲ್ಲ.

ನಮ್ಮ ಎರಡನೇ ಮನೆ

ಹಾಗಾದರೆ ನಮ್ಮ ಪರಿಷತ್ತು ಏನು ಮಾಡುತ್ತದೆ? 75ರಲ್ಲಿ 25 ಮಂದಿಯನ್ನು ಶಾಸಕರು ಆರಿಸುತ್ತಾರೆ. 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಮಂದಿ ರಾಜ್ಯಪಾಲರು ನಾಮಕರಣ ಮಾಡುವವರು. ಕವಿ ಸಿದ್ಧಲಿಂಗಯ್ಯ, ಚಂದ್ರಶೇಖರ ಕಂಬಾರ ಆ ಮನೆಯಲ್ಲಿ ಕೂತದ್ದು ಹೀಗೆ. ಸದಸ್ಯತ್ವ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿಯಾಗುವುದರಿಂದ ಮನೆ ಪೂರ್ತಿ ಖಾಲಿಯಾಗುವುದಿಲ್ಲ.

ನಮ್ಮ ಮನೆಯ ಲೆಕ್ಕವನ್ನೇ ನೋಡಿ. ನಾನು ಹೈಸ್ಕೂಲು ಮೇಷ್ಟ್ರಾಗಿದ್ದಾಗ ನನಗೆ ಮೂರು ಓಟು: ಎಲ್ಲರಂತೆ ವಿಧಾನಸಭೆಗೆ ಒಂದು, ಪದವೀಧರ ಕ್ಷೇತ್ರಕ್ಕೆ ಒಂದು, ಶಿಕ್ಷಕರ ಕ್ಷೇತ್ರಕ್ಕೆ ಒಂದು. ಪ್ರೈಮರಿ ಶಾಲೆಯ ಮೇಷ್ಟ್ರಿಗೆ ಶಿಕ್ಷಕರ ಓಟಿಲ್ಲ, ಹೈಸ್ಕೂಲಿನಿಂದ ಮೇಲಿನವರಿಗೆ ಮಾತ್ರ. ನಿವೃತ್ತನಾದ ಮೇಲೆ ಅದು ಹೋಯಿತು, 2024ರ ಜೂನ್ 3ರಂದು ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಚುನಾವಣೆ ನಡೆದಾಗ ಮನೆಯಲ್ಲೇ ಇದ್ದೆ. ತಮ್ಮನ ಹೆಂಡತಿ ಗ್ರಾಮ ಪಂಚಾಯಿತಿ ಸದಸ್ಯೆ. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಆಕೆ ಓಟು ಹಾಕಿಬಂದಳು. ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು, ಅದೂ ಅವರೇ ಕೊಡುವ ನೇರಳೆ ಪೆನ್ನಿನಲ್ಲೇ ಬರೆಯಬೇಕು ಎಂದು ಹೇಳಿಕೊಟ್ಟು ಕಳಿಸಿದ್ದೆ. ನಮ್ಮ ಮೂವರಲ್ಲಿ ಮೇಲ್ಮನೆಗೆ ಓಟಿಲ್ಲದವನು ತಮ್ಮನೊಬ್ಬನೇ. ಎರಡು ಎಕರೆ ಅರಿಶಿನ, ಮೂರು ಹಸು, ಎಸ್ಸೆಸ್ಸೆಲ್ಸಿಗೆ ನಿಂತ ಓದು. ಮನೆ ನಡೆಸುತ್ತಿರುವವನು ಮಾತ್ರ ಅವನೇ.

ಅಧಿಕಾರದ ವಿಷಯಕ್ಕೆ ಬಂದರೆ, ಪರಿಷತ್ತಿಗೆ ಮಸೂದೆಯನ್ನು ಕೊಲ್ಲುವ ಬಲವಿಲ್ಲ, ನಿಲ್ಲಿಸಿಕೊಳ್ಳುವ ಬಲವಿದೆ. ಹಣಕಾಸಿನ ಮಸೂದೆಯಾದರೆ 14 ದಿನ. ಬೇರೆ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಪಾಸು ಮಾಡಿ ಕಳಿಸಿದರೆ ಇನ್ನೊಂದು ತಿಂಗಳು. ಅಲ್ಲಿಗೆ ಮುಗಿಯಿತು. ದೆಹಲಿಯಲ್ಲಿರುವಂತೆ ಭಿನ್ನಮತ ಬಗೆಹರಿಸಲು ಎರಡೂ ಮನೆಯ ಜಂಟಿ ಅಧಿವೇಶನ ಇಲ್ಲಿಲ್ಲ.

2024ರ ಫೆಬ್ರವರಿಯಲ್ಲಿ ಇದು ಕಣ್ಣಮುಂದೆಯೇ ನಡೆಯಿತು. ಮುಜರಾಯಿ ದೇವಸ್ಥಾನಗಳ ಆದಾಯದಲ್ಲಿ ಒಂದು ಪಾಲನ್ನು ಸಾಮಾನ್ಯ ನಿಧಿಗೆ ತೆಗೆಯುವ ತಿದ್ದುಪಡಿ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿ ಪರಿಷತ್ತಿಗೆ ಬಂತು. ಅಲ್ಲಿ ಆಳುವ ಪಕ್ಷಕ್ಕೆ ಬಹುಮತವಿರಲಿಲ್ಲ. 23ರಂದು ಧ್ವನಿಮತದಲ್ಲಿ ಬಿದ್ದುಹೋಯಿತು. 29ರಂದು ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು. ಆ ಆರು ದಿನ ನಮ್ಮೂರಿನ ಟೀ ಅಂಗಡಿಯಲ್ಲಿ ನಮ್ಮ ಬೆಟ್ಟದ ದೇವರು ಮಾದಪ್ಪನ ಹುಂಡಿಯದೇ ಮಾತು. ಯಾವ ದೇವಸ್ಥಾನದಿಂದ ಎಷ್ಟು, ಆ ದುಡ್ಡು ಯಾವ ಅರ್ಚಕರಿಗೆ ಹೋಗುತ್ತದೆ ಎಂದು ಜನ ಕೇಳತೊಡಗಿದ್ದು ಮಸೂದೆ ಬಿದ್ದ ಮೇಲೆ. ಮಸೂದೆಯ ಪರವಾಗಿದ್ದವರಿಗೂ ವಿರುದ್ಧವಾಗಿದ್ದವರಿಗೂ ವಿಷಯ ತಿಳಿಯಲು ಅಷ್ಟು ಹೊತ್ತು ಸಿಕ್ಕಿತು. ಎರಡನೇ ಮನೆಯ ಪ್ರಯೋಜನ ಎಂದು ನಾನು ಒಪ್ಪುವುದು ಇದನ್ನೇ.

ಇನ್ನೊಂದು ಮುಖವನ್ನೂ ಮುಚ್ಚಿಡುವಂತಿಲ್ಲ. 2020ರ ಡಿಸೆಂಬರ್ 15ರಂದು ಅದೇ ಹಿರಿಯರ ಮನೆಯಲ್ಲಿ ಉಪಸಭಾಪತಿಯನ್ನು ಪೀಠದಿಂದ ಎಳೆದಾಡಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು. ಗೆಲ್ಲಲಾಗದವರಿಗೆ ಅದು ಹಿತ್ತಿಲ ಬಾಗಿಲು ಎಂಬ ದೂರಂತೂ ಹಳೆಯದು. ಮಂತ್ರಿಯಾದವರು ಆರು ತಿಂಗಳೊಳಗೆ ಸದನದ ಸದಸ್ಯರಾಗಬೇಕು. ಮಹಾರಾಷ್ಟ್ರದಲ್ಲಿ ಮುಖ್ಯಮಂತ್ರಿ ಉದ್ಧವ್ ಠಾಕ್ರೆ 2020ರ ಮೇ ತಿಂಗಳಲ್ಲಿ ಪರಿಷತ್ತಿನ ಮೂಲಕ ಬಂದರು. ಪಶ್ಚಿಮ ಬಂಗಾಳದಲ್ಲಿ ಮಮತಾ ಬ್ಯಾನರ್ಜಿ 2021ರಲ್ಲಿ ನಂದಿಗ್ರಾಮದಲ್ಲಿ ಸೋತು ಮುಖ್ಯಮಂತ್ರಿಯಾದಾಗ ಅಂಥ ಬಾಗಿಲಿರಲಿಲ್ಲ, ಭವಾನಿಪುರದಲ್ಲಿ ಜನರ ಮುಂದೆ ಹೋಗಿಯೇ ಗೆದ್ದುಬರಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಆ ವಿಧಾನಸಭೆ ಪರಿಷತ್ತು ಬೇಕೆಂದು ನಿರ್ಣಯ ಮಾಡಿತು ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ಎರಡನೇ ಸಲ ನೋಡುವವರು ಯಾರು?

ಒಂದು ಸಂಜೆ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಹಸುವಿನ ಕೆಚ್ಚಲು ತೊಳೆಯುತ್ತ ಕೇಳಿಸಿಕೊಂಡವನು ಕೊನೆಗೆ ಅಂದ: “ಎಲ್ಡ್ ಸಲ ನೋಡೋದು ದೊಡ್ಡದಲ್ಲ ಕನಣ್ಣ. ಎಲ್ಡ್ನೇ ಸಲ ನೋಡೋರು ಬ್ಯಾರೆಯೋರಾಗಿರ್ಬೇಕು. ನೋಡ್ದೋನೇ ಇನ್ನೊಂದ್ ಸಲ ನೋಡುದ್ರೆ ಡಿಗ್ರಿ ಬದ್ಲಾಯ್ತದಾ?”

ನನ್ನ ಹಾಲಿನ ಉಪಮೆಯಲ್ಲಿ ತಪ್ಪಿಹೋಗಿದ್ದು ಇದು. ಸಂಘದವರು ಬೇರೆ, ಒಕ್ಕೂಟದವರು ಬೇರೆ. ಅದಕ್ಕೇ ಎರಡನೇ ಪರೀಕ್ಷೆಗೆ ಬೆಲೆ. ಎರಡೂ ಮನೆಯಲ್ಲಿ ಒಂದೇ ಪಕ್ಷದ ಬಹುಮತ, ಒಂದೇ ವಿಪ್ ಇದ್ದರೆ ಪರಿಷತ್ತು ಅದೇ ಕಣ್ಣಿನಿಂದ ಎರಡು ಸಲ ನೋಡಿದಂತೆ. ಈ ಅಳತೆಗೋಲು ಹಿಡಿದುಕೊಂಡು ಗಡಿಯಾಚೆ ನೋಡಿದೆ.

ಕೇರಳ ತನ್ನ ಒಂದೇ ಮನೆಯೊಳಗೆ ಎರಡನೇ ಪರೀಕ್ಷೆಯನ್ನು ಇಟ್ಟುಕೊಂಡಿದೆ. 1980ರಿಂದ ಅಲ್ಲಿ ವಿಷಯ ಸಮಿತಿಗಳಿವೆ. ಮಸೂದೆ ಮಂಡನೆಯಾದ ಮೇಲೆ ಸಾಮಾನ್ಯವಾಗಿ ಆಯಾ ಸಮಿತಿಗೆ ಹೋಗುತ್ತದೆ. ಆಳುವವರೂ ವಿರೋಧದವರೂ ಕೂತು ಖಂಡ ಖಂಡವಾಗಿ ಓದಿ ವರದಿ ಕೊಟ್ಟ ಮೇಲೆ ಸದನಕ್ಕೆ ಬರುತ್ತದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಸಮಿತಿಯ ಅಧ್ಯಕ್ಷತೆ ಆಯಾ ಖಾತೆಯ ಮಂತ್ರಿಯದೇ. ತಮ್ಮ ಇದನ್ನು ಕೇಳಿದರೆ ಕ್ಯಾನ್ ತಂದವನ ಕೈಗೇ ಲ್ಯಾಕ್ಟೋಮೀಟರ್ ಕೊಟ್ಟಂತಾಯಿತು ಅಂದಾನು.

ತಮಿಳುನಾಡಿನಲ್ಲಿ ತಡೆಯುವ ಕೆಲಸ ಬೇರೆ ಕಡೆ ಹೋಗಿ ಕೂತಿತು. ಪಾಸಾದ ಮಸೂದೆಗಳು ರಾಜಭವನದಲ್ಲಿ ನಿಂತವು. 2023ರ ನವೆಂಬರ್ 18ರಂದು ವಿಧಾನಸಭೆ ವಿಶೇಷ ಅಧಿವೇಶನ ಸೇರಿ 10 ಮಸೂದೆಗಳನ್ನು ಮತ್ತೆ ಪಾಸು ಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 2025ರ ಏಪ್ರಿಲ್ 8ರಂದು ಆ 10ರ ವಿಷಯದಲ್ಲಿ ತೀರ್ಪು ಸರ್ಕಾರದ ಪರ ಬಂತು. ಮಸೂದೆ ತಡೆಹಿಡಿದ ರಾಜ್ಯಪಾಲರ ವಿರುದ್ಧ ಕೇರಳವೂ ಕೋರ್ಟು ಮೆಟ್ಟಿಲು ಹತ್ತಿತ್ತು. ರಾಜ್ಯಪಾಲರು ಬೇರೆ ಕಣ್ಣು ಹೌದು, ಆದರೆ ಜನ ಆರಿಸಿದ ಕಣ್ಣಲ್ಲ.

ಅಮೆರಿಕದ ನೆಬ್ರಾಸ್ಕ ಎಂಬ ಬೇಸಾಯಗಾರರ ರಾಜ್ಯದ ಕಥೆ ನನಗೆ ಹಿಡಿಸಿದ್ದು ಇದಕ್ಕೇ. ಆ ದೇಶದ 50 ರಾಜ್ಯಗಳಲ್ಲಿ ಒಂದೇ ಸದನ ಇರುವುದು ಅಲ್ಲಿ ಮಾತ್ರ. ಜಾರ್ಜ್ ನಾರಿಸ್ ಎಂಬ ಸೆನೆಟರು ಊರೂರು ಸುತ್ತಿ ಜನರನ್ನು ಒಪ್ಪಿಸಿದರು. 1934ರಲ್ಲಿ ಜನ ಓಟು ಹಾಕಿ ಒಪ್ಪಿದರು, 1937ರಿಂದ ಒಂದೇ ಮನೆ. ಈಗ 49 ಸದಸ್ಯರು, ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಪ್ರತಿ ಮಸೂದೆಗೂ ಬಹಿರಂಗ ವಿಚಾರಣೆ ಆಗಬೇಕೆಂಬ ಕಟ್ಟಳೆಯಿದೆ, ಯಾವ ರೈತ ಬೇಕಾದರೂ ಬಂದು ಸಮಿತಿಯ ಮುಂದೆ ಮಾತಾಡಬಹುದು. ಎರಡನೇ ಪರೀಕ್ಷೆಯನ್ನು ಅವರು ಜನರ ಕೈಗೇ ಕೊಟ್ಟುಬಿಟ್ಟರು. ನ್ಯೂಜಿಲೆಂಡ್ ಕೂಡ 1950ರ ಕೊನೆಗೆ ಮೇಲ್ಮನೆ ತೆಗೆದುಹಾಕಿತು, ಈಗ ಅಲ್ಲಿ ಹೆಚ್ಚಿನ ಮಸೂದೆಗಳ ಮೇಲೆ ಸಮಿತಿ ಜನರ ಅಹವಾಲು ಕೇಳುತ್ತದೆ.

ಹಾಗಾಗಿ ಭಾವ ಮತ್ತೆ ಬಂದು “ಒಂದು ಸಾಕೋ, ಎರಡು ಬೇಕೋ” ಅಂದರೆ ನಾನು ಹೇಳುವ ಉತ್ತರ ಬದಲಾಗಿದೆ. ಒಂದೇ ಮನೆ ಸಾಕು, ಮಸೂದೆಯನ್ನು ಮಾಡಿದವರಲ್ಲದೆ ಬೇರೆಯವರು ಅದನ್ನು ಒಮ್ಮೆ ನೋಡುವ ಹಾಗಿದ್ದರೆ. ಎರಡು ಮನೆಯೂ ಇರಲಿ, ಎರಡನೆಯದರ ಬಾಗಿಲು ನನ್ನಂಥ ಮೇಷ್ಟ್ರಿಗಷ್ಟೇ ಅಲ್ಲದೆ ಹಾಲು ಕರೆಯುವವನಿಗೂ ತೆರೆದಿದ್ದರೆ. ಸಂವಿಧಾನ ಬರೆದಾಗ ಓದಿದವರು ವಿರಳವಾಗಿದ್ದರು, ಅವರ ಮಾತಿಗೆ ಒಂದು ಜಾಗ ಬೇಕಿತ್ತು. ಈಗ ಬೀದಿಗೆ ಹತ್ತು ಡಿಗ್ರಿ ಇವೆ. ಸಭೆಯಲ್ಲಿ ಜಾಗವಿಲ್ಲದಿರುವುದು ಅರಿಶಿನ ಬೆಳೆಯುವವನ ಮಾತಿಗೆ.

ಮೊನ್ನೆ ತಮ್ಮನ ಮಗಳು ಪದವಿ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬಂದಳು. ಪದವಿಯಾಗಿ ಮೂರು ವರ್ಷ ತುಂಬಿದೆ, ಪದವೀಧರರ ಪಟ್ಟಿಗೆ ಹೆಸರು ಸೇರಿಸಬಹುದು. “ದೊಡ್ಡಪ್ಪ, ಫಾರಂ ತುಂಬಿಕೊಡಿ” ಅಂದಳು. ಕನ್ನಡಕ ಹಾಕಿಕೊಂಡು ತುಂಬತೊಡಗಿದೆ. ತಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದ.

“ಅಣ್ಣೋ, ನನ್ನಂತೋರ್ಗೆ ಒಂದ್ ಫಾರಂ ಇಲ್ವಾ?”

ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಂಜೆ ಹಾಲಿನ ಹೊತ್ತಾಗಿತ್ತು. ಅವನು ಕ್ಯಾನ್ ಎತ್ತಿಕೊಂಡು ಡಿಗ್ರಿ ನೋಡಿಸಲು ಹೊರಟ.